ಶಾಖವನ್ನು ಕಾಣುವ ಕಣ್ಣು

ಸ್ವಿಚ್ ಬೋರ್ಡಿನೊಳಗೆ ಸಡಿಲಗೊಂಡು ಬಿಸಿಯೇರುತ್ತಿರುವ ತಂತಿ, ಗೋಡೆಯಲ್ಲಿ ಹರಡುತ್ತಿರುವ ತೇವ, ಕತ್ತಲ ತೋಟದಲ್ಲಿ ಹೊಂಚುಹಾಕಿದ ಬೆಕ್ಕು ಬರಿಗಣ್ಣಿಗೆ ಕಾಣವು. ಥರ್ಮಲ್ ಕ್ಯಾಮೆರಾಕ್ಕೆ ಕಾಣುತ್ತವೆ. ಹಿಂದೆ ಸೈನ್ಯದ ಸೊತ್ತಾಗಿದ್ದ ಈ ಉಪಕರಣ ಇಂದು ಹವ್ಯಾಸಿಗಳ ಕೈಗೂ ಬಂದಿದೆ. ಆದರೆ ಪೆಟ್ಟಿಗೆಯ ಮೇಲಿನ ಅಂಕಿಗಳ ಅರ್ಥ ತಿಳಿಯದೆ ಕೊಂಡರೆ ಹಣ ನೀರುಪಾಲು. ಆ ಅರ್ಥ ಈ ಕ್ಯಾಮೆರಾದ ಇತಿಹಾಸದಲ್ಲೇ ಇದೆ.

1781ರಲ್ಲಿ ಯುರೇನಸ್ ಗ್ರಹವನ್ನು ಪತ್ತೆಹಚ್ಚಿದ ವಿಲಿಯಂ ಹರ್ಷೆಲ್, 1800ರಲ್ಲಿ ಇಂಗ್ಲೆಂಡಿನಲ್ಲಿ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಒಂದೊಂದು ಬಣ್ಣದ ಶಾಖವನ್ನೂ ಅಳೆದ. ಕೆಂಪಿನ ಆಚೆ, ಬೆಳಕೇ ಇಲ್ಲದೆಡೆ ಇಟ್ಟ ಉಷ್ಣಮಾಪಕದ ಪಾದರಸ ಇನ್ನೂ ಮೇಲೇರಿತು! ಇವೇ ಅವಗೆಂಪು ಕಿರಣಗಳು.

1880ರ ಸುಮಾರಿಗೆ ಅಮೆರಿಕದ ಖಗೋಳಜ್ಞ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೋಲೋಮೀಟರನ್ನು ರೂಪಿಸಿದ. ತೆಳುವಾದ ಲೋಹದ ಪಟ್ಟಿ ಬಿಸಿಯಾದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಬಂದ ಶಾಖವೆಷ್ಟೆಂದು ತಿಳಿಯುತ್ತದೆ. ಇಂದಿನ ಅಗ್ಗದ ಕ್ಯಾಮೆರಾದೊಳಗೂ ಇದೇ ತತ್ತ್ವ ದುಡಿಯುತ್ತಿದೆ.

ಇಪ್ಪತ್ತನೆಯ ಶತಮಾನದ ಸೂಕ್ಷ್ಮ ಥರ್ಮಲ್ ಕ್ಯಾಮೆರಾಗಳನ್ನು ದ್ರವ ಸಾರಜನಕದಂಥ ಶೀತಕಗಳಿಂದ ತಂಪಾಗಿಡಬೇಕಿತ್ತು. ಹೀಗಾಗಿ ಅವು ಭಾರ, ದುಬಾರಿ. 1980ರ ದಶಕದಲ್ಲಿ ಹನಿವೆಲ್ ಕಂಪನಿ ಅಮೆರಿಕದ ಸೈನ್ಯಕ್ಕಾಗಿ ಸಾವಿರಾರು ಪುಟಾಣಿ ಬೋಲೋಮೀಟರುಗಳನ್ನು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಜೋಡಿಸಿತು. ಇದಕ್ಕೆ ಶೀತಕ ಬೇಡ. 1992ರಲ್ಲಿ ಈ ಗುಟ್ಟು ಬಯಲಾಗಿ ತಂತ್ರಜ್ಞಾನ ಇತರ ಕಂಪನಿಗಳಿಗೂ ದಕ್ಕಿತು. 2014ರಲ್ಲಿ ಫ್ಲಿರ್, ಸೀಕ್ ಕಂಪನಿಗಳು ಮೊಬೈಲ್ ಫೋನಿಗೆ ಸಿಕ್ಕಿಸುವ ಕ್ಯಾಮೆರಾಗಳನ್ನೇ ಮಾರುಕಟ್ಟೆಗೆ ತಂದವು.

ಕೊಳ್ಳುವವರು ಮೊದಲು ನೋಡಬೇಕಾದುದು ಈ ಬಿಂದುಗಳ ಲೆಕ್ಕ. 80×60 ಎಂದರೆ 4,800 ಬಿಂದು. 256×192 ಎಂದರೆ 49,152. ಬಿಸಿಯಾದ ಪ್ಲಗ್ಗನ್ನು ಹುಡುಕಲು ಮೊದಲನೆಯದು ಸಾಕು. ಸರ್ಕ್ಯೂಟ್ ಬೋರ್ಡಿನಲ್ಲಿ ಸುಟ್ಟ ಬಿಡಿಭಾಗ ಹುಡುಕಲು ಎರಡನೆಯದು ಮೇಲು. ಪರದೆಯ ಬಿಂದುಗಳನ್ನೋ, ಗಣಿತದಿಂದ ಹಿಗ್ಗಿಸಿದ ಚಿತ್ರದ ಬಿಂದುಗಳನ್ನೋ ದೊಡ್ಡಕ್ಷರಗಳಲ್ಲಿ ಹಾಕಿರುವುದೂ ಉಂಟು. ಸಂವೇದಕದ ಅಂಕಿಯನ್ನೇ ಕೇಳಬೇಕು.

ಎರಡನೆಯದು ವೇಗ. ಹಲವು ಅಗ್ಗದ ಮಾದರಿಗಳು ಸೆಕೆಂಡಿಗೆ 9 ಚಿತ್ರಗಳನ್ನಷ್ಟೇ ತೋರಿಸುತ್ತವೆ. ಅದಕ್ಕಿಂತ ವೇಗದವು ಯುದ್ಧಕ್ಕೆ ಬಳಕೆಯಾದಾವೆಂದು ಅಮೆರಿಕ ಅವುಗಳ ರಫ್ತಿಗೆ ಬಿಗಿ ನಿಯಮ ಮಾಡಿದ್ದೇ ಇದಕ್ಕೆ ಕಾರಣ. ಅಲುಗಾಡದ ಗೋಡೆಗೆ 9 ಸಾಕು. ಓಡುವ ಪ್ರಾಣಿಗೆ ಸಾಲದು.

ಮೂರನೆಯದು ಮಸೂರ. ಈ ಕಿರಣಗಳು ಗಾಜನ್ನು ದಾಟಲಾರವು. ಹಾಗಾಗಿ ಜರ್ಮೇನಿಯಂನಂಥ ದುಬಾರಿ ವಸ್ತುವಿನ ಮಸೂರ ಬೇಕು. ಕೈಯಳತೆಯ ಹತ್ತಿರದಲ್ಲಿರುವ ವಸ್ತು ಸ್ಫುಟವಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸುವುದು ಲೇಸು.

ಎಷ್ಟೇ ಬೆಲೆ ತೆತ್ತರೂ ಈ ಕಣ್ಣಿಗೆ ಗೋಡೆಯಾಚೆಗಿನದು ಕಾಣದು. ಅದು ಓದುವುದು ಮೇಲ್ಮೈಯ ಶಾಖವನ್ನು ಮಾತ್ರ. ತೇವದ ಗೋಡೆಯೂ ಸಾಮಾನ್ಯವಾಗಿ ನೀರು ಆವಿಯಾಗಿ ತಂಪಾದಾಗ ಸುಳಿವು ಕೊಡುತ್ತದೆ. ಹೊಳೆಯುವ ಸ್ಟೀಲ್ ಪಾತ್ರೆಯಂತೂ ತನ್ನ ಶಾಖದ ಬದಲು ಸುತ್ತಲಿನ ಶಾಖವನ್ನೇ ಕನ್ನಡಿಯಂತೆ ಹಿಂದಿರುಗಿಸಿ ಮೋಸಮಾಡುತ್ತದೆ. ಅದರ ಮೇಲೆ ಒಂದು ತುಂಡು ಇನ್ಸುಲೇಷನ್ ಟೇಪು ಅಂಟಿಸಿದರೆ ನಿಜ ಹೊರಬರುತ್ತದೆ. ಎರಡು ಶತಮಾನಗಳ ವಿಜ್ಞಾನವನ್ನು ಅಂಗೈಯಲ್ಲಿ ಹಿಡಿದವರಿಗೂ ಕೆಲವೇ ರೂಪಾಯಿಯ ಈ ಟೇಪಿನ ನೆರವು ಬೇಕೇ ಬೇಕು.