ಚಿನ್ನದ ಗಣಿ ಊರಿನ ನಾಲ್ಕು ನಿಮಿಷದ ರೀಲು

ನಮ್ಮ ಕುಂದಾಪ್ರ ಬದಿಯಲ್ಲಿ ಹೋಟ್ಲಿಗೆ ಹೋದವರ ಕಥೆ ಇಲ್ಲದ ಮನೆ ಕಮ್ಮಿ. ಬೊಂಬಾಯಿ, ಬೆಂಗ್ಳೂರು, ಮದ್ರಾಸು ಅಂದೇಳಿ ಕೇಂಡದ್ದೇ ಕೇಂಡದ್ದು. ಗುಲ್ವಾಡಿಯ ನಮ್ಮ ಮನೆಯ ದೊಡ್ಡಮಾವ ಮಾತ್ರ ಹೋದದ್ದು ಕೋಲಾರದ ಚಿನ್ನದ ಗಣಿ ಊರಿಗೆ. ಗಣಿ ಕೆಲಸಕ್ಕಲ್ಲ, ರಾಬರ್ಟ್‌ಸನ್‌ಪೇಟೆಯಲ್ಲಿ ಇಡ್ಲಿ-ಕಾಪಿ ಹೋಟ್ಲು ಮಾಡಲಿಕ್ಕೆ. ಈಗಳ್ ಕೆ.ಜಿ.ಎಫ್. ಅಂದ್ರೆ ಮಕ್ಕಳಿಗೆ ಯಶ್ ಸಿನೆಮಾವೇ ನೆನಪಿಗೆ ಬಪ್ಪುದು. ನಾನು ಹೇಳ್ತಾ ಇಪ್ಪುದು ಅದಕ್ಕಿಂತ ಎಷ್ಟೋ ಸಣ್ಣ ಫಿಲ್ಮಿನ ಕಥೆ. ಅದರ ಉದ್ದ ಬರೀ ನಾಲ್ಕು ನಿಮಿಷ. ಹೀರೋ ಇಲ್ಲ, ಸ್ವರ ಇಲ್ಲ.

ಮೊದಲು ಆ ಊರಿನ ವಿಷ್ಯ ಕಾಣಿ. 1873ರಲ್ಲಿ ಮೈಕೆಲ್ ಲವೆಲ್ ಅನ್ನುವ ಐರಿಶ್ ನಿವೃತ್ತ ಸಿಪಾಯಿ ಅಲ್ಲಿ ಗಣಿ ತೋಡಲಿಕ್ಕೆ ಮೈಸೂರು ಸರ್ಕಾರದ ಹತ್ರ ಪರವಾನಗಿ ಕೇಳಿದ. ಬೆಂಗ್ಳೂರಿನ ಲ್ಯಾವೆಲ್ ರೋಡ್ ಇತ್ತಲ್ದಾ, ಅದು ಅವನ ಹೆಸರಿನದ್ದೇ. ಅವನಿಗೆ ದೊಡ್ಡ ಲಾಭ ಆಯ್ಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಇಂಗ್ಲೆಂಡಿನ ಕಂಪೆನಿ ಬಂದ ಮೇಲೆ ಗಣಿ ನಿಜವಾಗಿ ಶುರುವಾದದ್ದು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ತಂತಿ ಎಳೆದು ಗಣಿಗೆ ಕರೆಂಟು ತಂದ್ರು. ಬೆಂಗ್ಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಚಿನ್ನಕ್ಕೆ ಮೊದಲು, ಮನುಷ್ಯರಿಗೆ ಮತ್ತೆ!

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ ಹೋಯ್ತು. ಅಷ್ಟು ಕೆಳಗೆ ಸೆಕೆಯಲ್ಲಿ ಬೆವರು ಸುರಿಸಿದವರು ಹೆಚ್ಚಿನವರೂ ತಮಿಳು, ತೆಲುಗು ಸೀಮೆಯಿಂದ ಬಂದ ಬಡವರು. ಮೇಲೆ ಸಾಹೇಬರ ಬಂಗ್ಲೆ, ಕ್ಲಬ್ಬು, ಹೂವಿನ ತೋಟ ಕಂಡು ಜನ ಅದನ್ನು ಲಿಟ್ಲ್ ಇಂಗ್ಲೆಂಡ್ ಅಂದ್ರು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಒಟ್ಟು ಸುಮಾರು 800 ಟನ್ ಚಿನ್ನ ತೆಗೆದ್ರು ಅಂಬ್ರ್. ಉಳಿದದ್ದು ಸೈನೈಡ್ ಮಣ್ಣಿನ ಗುಡ್ಡೆಗಳು, ಮತ್ತೆ ಕೆಲಸ ಹೋದ ಸಂಸಾರಗಳು.

ಗಣಿ ಸರ್ಕಾರಕ್ಕೆ ಹೋದ ಮೇಲೆ ಊರು ಬಿಟ್ಟ ಒಬ್ಬ ಇಂಜಿನಿಯರು ತನ್ನ 8 ಎಂ.ಎಂ. ಕ್ಯಾಮೆರಾವನ್ನು ದೊಡ್ಡಮಾವನಿಗೆ ಮಾರಿದ್ದಂಬ್ರ್. ಮನೆಮಂದಿಯೇ ಫಿಲ್ಮು ತೆಗೆಯಲಿ ಅಂತ ಕೊಡಾಕ್ ಕಂಪೆನಿ 1932ರಲ್ಲಿ ತಂದ ಅಳತೆ ಅದು. ಒಂದು ಸುರುಳಿಯಲ್ಲಿ 50 ಅಡಿ, ಅಡಿಗೆ 80 ಚಿತ್ರ. ಲೆಕ್ಕ ಹಾಕಿ ಕಾಣಿ, 4000 ಚಿತ್ರ ಆಯ್ತು. ಸೆಕೆಂಡಿಗೆ 16ರಂತೆ ಓಡಿಸಿದ್ರೆ ನಾಲ್ಕು ನಿಮಿಷದ ಮೇಲೆ ಒಂದು ಚೂರು.

ಇದರಲ್ಲಿ ಒಂದು ಮುಖ್ಯ ವಿಷ್ಯ ಇತ್ತ್. ನಮ್ಮ ಹಳೇ ಫೋಟೋಗಳಿಗೆ ನೆಗೆಟಿವ್ ಇರ್ತಿತ್ತು, ಒಂದು ಹೋದ್ರೆ ಮತ್ತೊಂದು ತೊಳಿಸಬಹುದು. ಮನೆಯ ಸಿನಿ ಫಿಲ್ಮಿಗೆ ಸಾಧಾರಣವಾಗಿ ನೆಗೆಟಿವ್ವೇ ಇಲ್ಲ. ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ತೊಳೆದು ಬಂದು ಪ್ರೊಜೆಕ್ಟರಿಗೆ ಹೋಪುದು. ಅಂದ್ರೆ ಇಡೀ ಪ್ರಪಂಚದಲ್ಲಿ ಇಪ್ಪುದು ಅದೊಂದೇ. ನಮ್ಮೂರಿನ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳ್ತ್ರ್. ಅದು ಅಚ್ಚಾದ ಪುಸ್ತಕ. ಒಂದು ಪ್ರತಿ ಗೆದ್ದಲು ತಿಂದ್ರೂ ಇನ್ನೊಂದು ಎಲ್ಲೋ ಸಿಕ್ಕೀತು. ಪೆಟ್ಟಿಗೆಯ ರೀಲು ಹಾಗಲ್ಲ.

ನಮ್ಮ ರೀಲು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಡಬ್ಬಿ ತೆಗೆದ್ರೆ ಹುಳಿ ವಾಸನೆ, ಥೇಟ್ ವಿನೆಗರ್. ಆ ಪಟ್ಟಿ ಅಸಿಟೇಟ್ ಅನ್ನುವ ವಸ್ತುವಿನದ್ದು. ಸೆಕೆ, ತೇವ ತಾಗಿದ್ರೆ ಅದು ಒಡೆದು ಆಸಿಡ್ ಬಿಡ್ತದೆ. ಒಂದು ಸಲ ಶುರುವಾದ್ರೆ ಉಪ್ಪಿನಕಾಯಿ ಭರಣಿಗೆ ಹಾಳು ಹಿಡಿದ ಹಾಗೆ, ಹತ್ರ ಇಪ್ಪ ರೀಲಿಗೂ ದಾಟ್ತದೆ. ಪಟ್ಟಿ ಕುಗ್ಗಿ, ಬದಿಯ ತೂತುಗಳು ಮಷಿನಿನ ಹಲ್ಲಿಗೆ ಕೂರುದಿಲ್ಲ. ಹಟ ಮಾಡಿ ಪ್ರೊಜೆಕ್ಟರಿಗೆ ಹಾಕಿದ್ರೆ ಹರಿದೇ ಹೋಪುದು. ಒಬ್ಬ ಸ್ಟುಡಿಯೋದವ ಮೂಸಿ ಕಂಡು, “ಎಸೀನಿ ಅಕ್ಕ, ಇನ್ನ್ ಇದ್ರಗೆ ಎಂತದೂ ಇಲ್ಲ” ಅಂದ. ಎಸೆಯಲಿಕ್ಕೆ ಮನಸ್ಸು ಬರ್ಲಿಲ್ಲ. ಮಗ ಬೆಂಗ್ಳೂರಿನಲ್ಲಿ ತಿಳಿದವರಿಗೆ ಕೊಟ್ಟ.

ಅವರು ಮಾಡಿದ್ದು ನಮ್ಮ ಹಳೇ ಪಟ್ಟೆ ಸೀರೆ ಉಳಿಸುವ ಕೆಲಸದ ಹಾಗೇ. ಮೊದಲು ಕೈಯಲ್ಲೇ ನಿಧಾನ ಸುರುಳಿ ಬಿಚ್ಚಿ, ಧೂಳು, ಬೂಷ್ಟು ಒರೆಸಿದ್ರು. ಹರಿದ ತೂತಿಗೆ ತೆಳು ಟೇಪು ಹಾಕಿದ್ರು. ಮತ್ತೆ ಹಲ್ಲು ಇಲ್ಲದ ಸ್ಕ್ಯಾನರಿನಲ್ಲಿ ಒಂದೊಂದೇ ಚಿತ್ರದ ಫೋಟೋ ತೆಗೆದ್ರು. ಕೊನೆಗೆ ಕಂಪ್ಯೂಟರಿನಲ್ಲಿ ಅಲುಗಾಟ, ಗೀರು, ಬಣ್ಣ ಸರಿ ಮಾಡಿದ್ರು. ಕೊಡಾಕ್ರೋಮ್ ಫಿಲ್ಮಾದ್ರೆ ಕತ್ತಲೆಯಲ್ಲಿಟ್ಟ ಬಣ್ಣ ಬಹಳ ವರ್ಷ ಬಾಳ್ತದಂತೆ. ಬೇರೆ ಕೆಲವು ಜಾತಿಯವು ಕೆಂಪು ತಿರುಗ್ತವೆ. ನಮ್ಮದರ ಬಣ್ಣ ಉಳಿದಿತ್ತು, ಆದರೆ ಕೊನೆಯ ಅರ್ಧ ನಿಮಿಷ ಬರೀ ಬಿಳಿ ಕಲೆ. ಅದು ಹೋದದ್ದು ಹೋಯ್ತು.

ಇಂಥದ್ದು ನಮ್ಮ ಮನೆಯದ್ದು ಮಾತ್ರ ಅಲ್ಲ. ಕೆನಡಾದ ಡಾಸನ್ ಸಿಟಿ ಕೂಡ ಚಿನ್ನದ ಗಣಿ ಊರು. ಅಲ್ಲಿ ಹಳೇ ಈಜುಕೊಳ ಮುಚ್ಚಲಿಕ್ಕೆ ಹಾಕಿದ್ದ 533 ರೀಲು 1978ರಲ್ಲಿ ನೆಲ ಅಗೆಯುವಾಗ ಸಿಕ್ಕಿತು. ಹಿಮದ ಮಣ್ಣು ಕಾಪಾಡಿತ್ತು. ನಮ್ಮ ಕರಾವಳಿಯ ಮಣ್ಣು, ಮಳೆ ಹಾಗೆ ಕಾಪಾಡುದಿಲ್ಲ ಮಾರ್ರೆ! ಕನ್ನಡದ ಮೊದಲ ಮಾತಿನ ಸಿನೆಮಾ, 1934ರ ‘ಸತಿ ಸುಲೋಚನ’, ಇವತ್ತು ಕಾಂಬುಕೆ ಒಂದು ಪ್ರತಿಯೂ ಇಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಅದೃಷ್ಟ ಒಳ್ಳೇದಿತ್ತು. ಅದನ್ನು ಸರಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಬ್ರಿಟಿಷ್ ಸಂಸಾರಗಳು ಇಂಡಿಯಾದಲ್ಲಿ ತೆಗೆದ ಮನೆ ಫಿಲ್ಮುಗಳನ್ನು ಕೇಂಬ್ರಿಡ್ಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದವರು ಜೋಪಾನ ಮಾಡಿದ್ದಾರೆ. ಸಾಹೇಬರ ಮಕ್ಕಳು, ಕುದುರೆ, ತೋಟದ ಪಾರ್ಟಿ ಉಳೀತು. ಹೋಟ್ಲಿನವರ ಮನೆ ಫಿಲ್ಮು ಯಾರು ಇಟ್ಟುಕೊಳ್ತ್ರ್? ನಾವೇ ಇಡ್ಕ್.

ಈಗ ನಮ್ಮ ರೀಲಿನಲ್ಲಿ ಎಂತ ಇತ್ತ್ ಅಂದ್ರೆ: ಹೋಟ್ಲಿನ ಬಾಗಿಲು, ಸೈಕಲ್ಲು, ದೂರದಲ್ಲಿ ಗಣಿಯ ಎತ್ತರದ ಕಬ್ಬಿಣದ ಗೋಪುರ, ತಲೆಗೆ ಟೊಪ್ಪಿ ಇಟ್ಟು ಪಾಳಿ ಬಿಟ್ಟು ಬರುವ ಗಂಡಸರ ಸಾಲು. ಹಿತ್ತಲಿನಲ್ಲಿ ಹೆಂಗಸರು. ಕ್ಯಾಮೆರಾ ಕಂಡ ಕೂಡಲೇ ಒಬ್ಬರು ಸೆರಗು ಎಳೆದ್ರು, ಇನ್ನೊಬ್ಬರು ಬೆನ್ನು ಹಾಕಿದ್ರು. ಅರೆಯುವ ಕಲ್ಲಿನ ಹತ್ರ ಒಂದು ಕೈ ಮಾತ್ರ ಕಾಣ್ತದೆ, ಬಳೆ ಸಮೇತ. ಮುಖ ಚೌಕಟ್ಟಿನ ಹೊರಗೆ.

ಗಣಿಯೊಳಗಿನ ಚಿತ್ರ ಒಂದೂ ಇಲ್ಲ. ಆ ಫಿಲ್ಮಿಗೆ ಬಿಸಿಲು ಬೇಕು, ಕೆಳಗೆ ಕತ್ತಲೆ. ಹಾಗಾಗಿ ಊರನ್ನು ಸಾಕಿದ ಕೆಲಸವೇ ಫಿಲ್ಮಿನಲ್ಲಿಲ್ಲ. ಅದೇ ರೀತಿ ಹೋಟ್ಲನ್ನು ಸಾಕಿದ ಮುಖವೂ ಇಲ್ಲ.

ಕಂಪ್ಯೂಟರ್ ಇಷ್ಟು ಮಾಡಿತು, ಹೆಸರು ಹೇಳಲಿಕ್ಕೆ ಅದಕ್ಕೆ ಗೊತ್ತಿಲ್ಲ. ಅದಕ್ಕೆ ದೊಡ್ಡತ್ತೆಯೇ ಬೇಕಾಯ್ತು. ಅವರಿಗೆ ಎಂಬತ್ತು ದಾಟಿತು, ಕಣ್ಣು ಮಂಜು. ಟಿವಿಯ ಹತ್ರ ಕುರ್ಚಿ ಹಾಕಿ, ಒಂದೊಂದು ಚಿತ್ರ ನಿಲ್ಲಿಸಿ ತೋರಿಸಿದೆವು. ಮುಖ ಕಂಡು ಅಲ್ಲ, ನಿಲ್ಲುವ ಭಂಗಿ, ಸೀರೆ ಅಂಚು ಕಂಡು ಗುರುತು ಹಿಡಿದ್ರು. ಆ ಕೈ ಬಂದಾಗ ಕೇಂಡ್ರು, “ಬಳೆ ಎಷ್ಟ್ ಇತ್ತ್ ಹೆಣೇ?” ಮೂರು ಅಂದೆ. “ಹಾಂಗಾರೆ ಅದ್ ನನ್ ಅತ್ಗಿ. ದಿನಕ್ಕ್ ನಾಲ್ಕ್ ಸಲ ಅರೀತಿದ್ಲ್. ಊರಿಗ್ ಬಪ್ಪುಕೆ ಆಯ್ಲೇ ಇಲ್ಲ, ಅಲ್ಲೇ ಹೋದ್ಲ್” ಅಂದ್ರು. ಆ ಅತ್ತಿಗೆಯ ಒಂದು ಫೋಟೋವೂ ನಮ್ಮ ಮನೆಯಲ್ಲಿಲ್ಲ. ಈಗ ಇಪ್ಪುದು ಆ ಕೈ, ಆರು ಸೆಕೆಂಡು.

ಸ್ವರವನ್ನೂ ಅವರೇ ತುಂಬಿಸಿದ್ರು. ಪಾಳಿ ಬದಲಾಗುವಾಗ ಸೈರನ್ನು ಕೂಗಿದ್ರೆ ಇಡ್ಲಿ ಅಟ್ಟ ಒಲೆಗೇರ್ಕಂಬ್ರ್. ನೆಲದಾಳದಲ್ಲಿ ಬಂಡೆ ಸಿಡಿದ್ರೆ ಮೇಲೆ ಅಡುಗೆಮನೆಯ ಪಾತ್ರೆ ಗಡಗಡ ಅಲುಗುತ್ತಿತ್ತಂತೆ. ಆಗಳ್ ಬೀದಿಯ ಹೆಂಗಸರೆಲ್ಲ ಕೆಲಸ ಬಿಟ್ಟು ಗಣಿ ಬಾಗಿಲಿಗೆ ಓಡುದು, ಯಾರ ಗಂಡ ಮೇಲೆ ಬಂದ, ಯಾರ ಗಂಡ ಬರ್ಲಿಲ್ಲ ಕಾಂಬುಕೆ. ಇದೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಫಿಲ್ಮಿನ ಜೊತೆಯೇ ಇಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ರೀಲು ಇದ್ರೆ, ಓಡಿಸಿ ಕಾಣುಕೆ ಹೋಪುದು ಬೇಡ. ಅಟ್ಟದಿಂದ ಇಳಿಸಿ, ತಂಪು, ಒಣ ಜಾಗದಲ್ಲಿಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಹುಳಿ ವಾಸನೆ ಬಂದದ್ದನ್ನು ಬೇರೆಯವುಗಳಿಂದ ದೂರ ಮಾಡಿ, ಅದನ್ನೇ ಮೊದಲು ಸ್ಕ್ಯಾನಿಗೆ ಕೊಡಿ. ಸ್ಕ್ಯಾನಾದ ಮೇಲೂ ಮೂಲ ರೀಲು ಎಸೀಬೇಡಿ. ಪ್ರತಿ ಎರಡು ಮಾಡಿ, ಎರಡು ಮನೆಯಲ್ಲಿಡಿ. ಮತ್ತೆ ಮನೆಯ ಹಿರಿಯ ಹೆಂಗಸರನ್ನು ಕೂರಿಸಿ ಹೆಸರು ಬರಿನಿ. ಗಂಡಸರ ಹೆಸರು ಹೋಟ್ಲಿನ ಬೋರ್ಡಿನಲ್ಲಿ, ಜಾಗದ ಕಾಗದದಲ್ಲಿ ಸಿಕ್ಕೀತು. ಹಿತ್ತಲಲ್ಲಿ ಬೆನ್ನು ಹಾಕಿ ನಿಂತವರ ಹೆಸರು ಇಪ್ಪುದು ಒಬ್ಬರೋ ಇಬ್ಬರೋ ಮುದುಕಿಯರ ನೆನಪಲ್ಲಿ ಮಾತ್ರ. ಈ ಮಳೆಗಾಲ ಬಪ್ಪುದ್ರೊಳಗೆ ಕೇಣಿ.