ಥ್ಯಾಕರೆ ಎಂಬ ಹೆಸರಿನ ಮೂಲ

1824ನೆಯ ಇಸವಿ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಗುಂಡು ತಗುಲಿ ಬಿದ್ದ ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆಯನ್ನು ತಾವೆಲ್ಲ ಬಲ್ಲಿರಿ. ರಾಣಿ ಚೆನ್ನಮ್ಮನ ಸಂಸ್ಥಾನದ ದತ್ತಕವನ್ನು ಒಪ್ಪದೆ ದಂಡು ತಂದವನು ಅವನೇ. ನಮ್ಮವರ ಬರೆಹಗಳಲ್ಲಿ ಈತ ಒಮ್ಮೆ ಥ್ಯಾಕರೆ, ಒಮ್ಮೆ ಥಾಕರೆ, ಇನ್ನೊಮ್ಮೆ ಠಾಕರೆ. ಹೀಗಾಗಿ ಈ ಹೆಸರಿಗೂ ಒಡೆಯನೆಂಬ ಅರ್ಥದ ‘ಠಾಕೂರ’ ಶಬ್ದಕ್ಕೂ ನಂಟಿರಬಹುದೇ ಎಂದು ಕೆಲವರಿಗೆ ತೋರುವುದುಂಟು. ನಂಟೇನೂ ಇಲ್ಲ. ಧ್ವನಿ ಹೋಲಿದ ಮಾತ್ರಕ್ಕೆ ಶಬ್ದಗಳಿಗೆ ಕುಲವೊಂದಾಗದು.

ಇಂಗ್ಲೆಂಡಿನಲ್ಲಿಯೂ ಈ ರೂಪದ ಅಡ್ಡಹೆಸರು ವಿರಳವೇ. ಇದರ ಬೇರು ಇರುವುದು ಯಾರ್ಕ್‌ಶೈರಿನಲ್ಲಿ. ಸಮುದ್ರ ದಾಟಿ ಬಂದ ಡೇನರು 866ರಲ್ಲಿ ಯಾರ್ಕ್ ಪಟ್ಟಣವನ್ನು ಹಿಡಿದರು. ಹತ್ತು ವರ್ಷಗಳ ತರುವಾಯ ಆ ಸೀಮೆಯ ನೆಲವನ್ನು ತಮ್ಮೊಳಗೆ ಹಂಚಿಕೊಂಡು ಉಳತೊಡಗಿದರು. ಕತ್ತಿ ಬಿಟ್ಟು ನೇಗಿಲು ಹಿಡಿದ ಈ ಜನರ ನುಡಿ ಅಲ್ಲಿಯ ಊರುಕೇರಿಗಳ ಹೆಸರುಗಳಲ್ಲಿ ಉಳಿಯಿತು. ಅವರ ಭಾಷೆಯಲ್ಲಿ ‘ಥಾಕ್’ ಎಂದರೆ ಸೂರಿಗೆ ಹೊದಿಸುವ ಹುಲ್ಲು, ಜೊಂಡು; ‘ವ್ರಾ’ ಎಂದರೆ ಮೂಲೆ. ಎರಡೂ ಕೂಡಿ ಜೊಂಡು ಬೆಳೆಯುವ ಮೂಲೆ ಎಂದಾಯಿತು. ವಾಷ್‌ಬರ್ನ್ ಹೊಳೆಯ ಕಣಿವೆಯಲ್ಲಿ ಥ್ಯಾಕ್ರೇ ಎಂಬ ಸಣ್ಣ ಹಳ್ಳಿಯೊಂದಿತ್ತು. ನಮ್ಮಲ್ಲಿ ಊರಿನ ಮೇಲಿಂದ ಮುಳಗುಂದ, ಹಾವೇರಿ ಎಂದು ಮನೆತನಗಳು ಕರೆಸಿಕೊಳ್ಳುವಂತೆ ಅಲ್ಲಿಯವರು ತಮ್ಮ ಊರಿನ ಹೆಸರನ್ನು ಹೊತ್ತರು. ಥ್ಯಾಕ್ರೇ, ಥ್ಯಾಕ್ರಾ ಎಂಬವು ಅದರದೇ ಬೇರೆ ರೂಪಗಳು.

ಆ ‘ಥಾಕ್’ ನಮಗೂ ತೀರ ಹೊರಗಿನದಲ್ಲ. ಮುಚ್ಚು ಎಂಬರ್ಥದ ಸಂಸ್ಕೃತದ ‘ಸ್ಥಗ್’ ಧಾತುವಿಗೆ ಅದು ದೂರದ ದಾಯಾದಿ. ನಿಂತುಹೋದದ್ದೆಂದು ನಾವು ದಿನವೂ ಬಳಸುವ ‘ಸ್ಥಗಿತ’ದ ಮೊದಲಿನ ಅರ್ಥ ಮುಚ್ಚಲ್ಪಟ್ಟದ್ದು ಎಂದೇ. ಹುಲ್ಲು ಮನೆಯನ್ನು ಮುಚ್ಚುತ್ತದಲ್ಲವೆ!

ಸೇಂಟ್ ಜಾನನ ಹಿರಿಯರು ಆ ಕಣಿವೆಗೆ ಸಮೀಪದ ಹ್ಯಾಂಪ್ಸ್‌ತ್ವೇಟ್ ಎಂಬ ಊರಿನವರು. ಮುಂದೆ ಮನೆತನದಲ್ಲಿ ಪಾದ್ರಿಗಳು, ಕಂಪನಿಯ ಅಧಿಕಾರಿಗಳು ಆಗಿಹೋದರು. 1811ರಲ್ಲಿ ಕಲಕತ್ತೆಯಲ್ಲಿ ಹುಟ್ಟಿ ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ಥ್ಯಾಕರೆಗೆ ಈ ಕಲೆಕ್ಟರನು ಚಿಕ್ಕಪ್ಪ. ಚಿಕ್ಕಪ್ಪ ಕಿತ್ತೂರಿನಲ್ಲಿ ಸತ್ತಾಗ ಹುಡುಗನಿಗೆ ಹದಿಮೂರು ವರ್ಷ.

ಇನ್ನು ಆ ಮೂಲದ ಹಳ್ಳಿ. 1870ರ ದಶಕದಲ್ಲಿ ಲೀಡ್ಸ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಲು ಆ ಹೊಳೆಗೆ ಒಡ್ಡು ಹಾಕಿ ಕೆರೆ ಕಟ್ಟಿದರು. ಫ್ಯೂಸ್ಟನ್ ಎಂಬ ಆ ಕೆರೆಯ ನೀರಿನ ಅಡಿಯಲ್ಲಿದೆ ಜೊಂಡಿನ ಮೂಲೆ.