ಜಂಬಿಟ್ಟಿಗೆ ನೆಲದ ನೀರು: ಬೆಳಗಾವಿಯ ತೆರೆದ ಬಾವಿಗಳು ಮತ್ತು ಬದಲಾದ ಮಳೆ

2019ರ ಬೇಸಿಗೆಯಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ ಭಾಗದ ಕೃಷ್ಣೆ ಬತ್ತಿ, ಕೊಯ್ನಾ ಜಲಾಶಯದ ನೀರಿಗಾಗಿ ಕರ್ನಾಟಕವು ಮಹಾರಾಷ್ಟ್ರದ ಮೊರೆ ಹೋಗಬೇಕಾಯಿತು. ಆಗಸ್ಟ್ ಮೊದಲ ವಾರಗಳಲ್ಲಿ ಅದೇ ಜಿಲ್ಲೆ ನೆರೆಗೆ ಸಿಕ್ಕಿತು. ಬೆಳಗಾವಿ ನಗರದೊಳಗೆ ಬಳ್ಳಾರಿ ನಾಲೆ ಉಕ್ಕಿತು. ಒಂದೇ ವರ್ಷದ ಈ ಎರಡು ಸಂಗತಿಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಡುವುದು ನಮ್ಮ ಆಡಳಿತದ ಅಭ್ಯಾಸ. ಎಂಜಿನಿಯರ್ ಅವನ್ನು ಒಟ್ಟಿಗೇ ಓದಬೇಕು.

ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ತೇವ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಸೇತುವೆ, ಮೋರಿ, ಚರಂಡಿಗಳ ಅಳತೆಯನ್ನಾದರೋ ಹಿಂದಿನ ದಶಕಗಳ ಮಳೆ ದಾಖಲೆಯಿಂದ ನಿಗದಿ ಮಾಡುತ್ತೇವೆ. ಹಳೆಯ ದಾಖಲೆಯನ್ನು ನಂಬುವ ಈ ತೊಡಕು ಮಲಪ್ರಭೆಯ ಕಣಿವೆಯಲ್ಲಿ ಇನ್ನೂ ತೀಕ್ಷ್ಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿ ಘಟ್ಟದ ಜಡಿಮಳೆಯನ್ನು ಹೊತ್ತು ಬಯಲುಸೀಮೆಗೆ ಇಳಿಯುತ್ತದೆ. ಸವದತ್ತಿಯ ನವಿಲುತೀರ್ಥ ಅಣೆಕಟ್ಟು ತುಂಬಿದ ವರ್ಷಗಳೇ ಕಡಿಮೆ. 2019ರಲ್ಲಿ ಅದು ತುಂಬಿ ಹೊರಬಿಟ್ಟ ನೀರೇ ಕೆಳಗಿನ ಊರುಗಳಿಗೆ ಆಪತ್ತಾಯಿತು.

ಬೆಳಗಾವಿ ನಗರದ ವಿಶೇಷ ಅದರ ನೆಲದಲ್ಲಿದೆ. ದಖನ್ನಿನ ಕಪ್ಪುಶಿಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆ ಇದೆ. ತೂತು ತೂತಾದ ಈ ಕಲ್ಲು ಮಳೆನೀರನ್ನು ಬೇಗ ಹೀರಿಕೊಳ್ಳುತ್ತದೆ. ಹಾಗಾಗಿಯೇ ಹಳೆಯ ಗಲ್ಲಿಗಳಲ್ಲಿ ಅಷ್ಟೊಂದು ತೆರೆದ ಬಾವಿಗಳು. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರ ನೀರಿಗೆಂದು ಟಿಳಕವಾಡಿಯಲ್ಲಿ ತೋಡಿದ ಕಾಂಗ್ರೆಸ್ ಬಾವಿ ಇಂದಿಗೂ ಇದೆ. ಮುಂದೆ ರಕ್ಕಸಕೊಪ್ಪ, ಆಮೇಲೆ ಹಿಡಕಲ್ ಜಲಾಶಯದ ಕೊಳವೆನೀರು ಬಂತು; ಬಾವಿಗಳು ಕಸದ ಗುಂಡಿಗಳಾದವು. 1990ರ ದಶಕದ ಮಧ್ಯದ ಬರದಲ್ಲಿ ಪಾಲಿಕೆಯು ಹಳೆಯ ಬಾವಿಗಳ ಹೂಳೆತ್ತಿ, ಪಂಪು ಕೂಡಿಸಿ, ಸುತ್ತಲಿನ ಮನೆಗಳಿಗೆ ನೀರು ಕೊಟ್ಟಿತು. ನನ್ನ ಮಟ್ಟಿಗೆ ಈ ನಗರದ ಹವಾಮಾನ ಎಂಜಿನಿಯರಿಂಗ್ ಅಲ್ಲಿಂದ ಶುರುವಾಗುತ್ತದೆ, ಆಗ ಯಾರೂ ಅದನ್ನು ಹಾಗೆ ಕರೆಯದಿದ್ದರೂ.

ಬಾವಿನೀರಿನ ಬಳಕೆಯಲ್ಲಿ ವಿದ್ಯುತ್ತಿನ ಲೆಕ್ಕವೂ ಇದೆ. ಹಿಡಕಲ್‌ನ ಪೂರ್ಣಮಟ್ಟ 2,175 ಅಡಿ. ನಗರ ಇರುವುದು 2,500 ಅಡಿಯ ಆಸುಪಾಸಿನಲ್ಲಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ತಾತ್ವಿಕವಾಗಿಯೇ 0.27 ಯೂನಿಟ್ ಬೇಕು. ಪಂಪು, ಕೊಳವೆಗಳ ನಷ್ಟ ಬೇರೆ. ಹತ್ತು ಮೀಟರ್ ಆಳದ ಬಾವಿಗೆ ಅದರ ಹತ್ತನೇ ಒಂದು ಪಾಲು ಸಾಕು.

ಇನ್ನು ಮಳೆನೀರಿನ ಲೆಕ್ಕ. ನಗರದ ಸದಾಶಿವನಗರದಂಥ ಬಡಾವಣೆಯಲ್ಲಿ 100 ಚದರ ಮೀಟರ್ ತಾರಸಿ ಇದೆಯೆನ್ನಿ. ವರ್ಷಕ್ಕೆ 1,200 ಮಿ.ಮೀ. ಮಳೆ ಸುರಿದು, ಶೇ. 80ರಷ್ಟು ಸಿಕ್ಕರೆ 96,000 ಲೀಟರ್. ತಲೆಗೆ 135 ಲೀಟರಿನಂತೆ ಐವರ ಮನೆಗೆ ಇದು 142 ದಿನದ ನೀರು. ಇಷ್ಟನ್ನು ತೊಟ್ಟಿಯಲ್ಲಿ ಹಿಡಿಯಲಾಗದು, ನೆಲಕ್ಕೇ ಬಿಡಬೇಕು. ತೊಡಕು ಇರುವುದೂ ಇಲ್ಲಿಯೇ: ತೆಳುವಾದ ಜಂಬಿಟ್ಟಿಗೆ ಪದರ ಜುಲೈ ಕೊನೆಗೆ ತುಂಬಿಬಿಡುತ್ತದೆ. ಆಮೇಲೆ ಇಂಗುಗುಂಡಿಗೆ ಬಿಟ್ಟ ನೀರಿಗೆ ಜಾಗವಿಲ್ಲ, ಅದು ಮತ್ತೆ ನಾಲೆಯನ್ನೇ ಸೇರುತ್ತದೆ. ಮಳೆಕೊಯ್ಲಿನಿಂದಲೇ ನೆರೆ ತಪ್ಪುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಆಗಸ್ಟಿನ ಬಿರುಮಳೆಗೆ ಬೇಕಾದದ್ದು ನಾಲೆಯ ಅಗಲ ಮತ್ತು ನೀರು ಹರಡಿ ನಿಲ್ಲಬಲ್ಲ ಶಹಾಪುರ, ವಡಗಾವಿಯ ಗದ್ದೆಬಯಲು. ಆ ಬಯಲಿಗೆ ಅಡ್ಡಲಾಗಿ ಏರಿ ಹಾಕಿ ರಸ್ತೆ ಮಾಡುವಾಗ ಮೋರಿಗಳನ್ನು ಮುಂದಿನ ಮಳೆಯ ಅಂದಾಜಿಗೆ ಅಳೆಯಬೇಕು.

ಬಾವಿಗಳನ್ನು ಬೇಸಿಗೆಯ ತುರ್ತಿಗಷ್ಟೇ ಮೀಸಲಿಡುವ ಪದ್ಧತಿಯನ್ನೂ ಬದಲಿಸಬಹುದು. ಜೂನ್, ಜುಲೈಯಲ್ಲಿ ತೊಳೆಯಲು, ತೋಟಕ್ಕೆ ಬಾವಿನೀರನ್ನೇ ಬಳಸಿದರೆ ನೆಲದಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ, ಮುಂಗಾರು ತಡವಾದ ವರ್ಷ ರಕ್ಕಸಕೊಪ್ಪದ ಮೇಲಿನ ಒತ್ತಡವೂ ತಗ್ಗುತ್ತದೆ. ಹಾಗೆ ಮಾಡುವ ಮುನ್ನ ಬಾವಿಯ ಬಗಲಿನ ಒಳಚರಂಡಿ ಸೋರುವುದನ್ನು ನಿಲ್ಲಿಸಬೇಕು. ನೀರನ್ನು ಹೀರುವ ತೂತುಗಳೇ ಕೊಳಚೆಯನ್ನೂ ಹೀರುತ್ತವೆ.